ಬಿಚ್ಚುವ ಮೊದಲು ಒಂದಿಷ್ಟು ನೀರು

ಇಂಡಿಯಿಂದ ಸಿಂದಗಿಗೆ ಹೋಗುವಾಗ ನನ್ನ ಹಳೆ ಬೈಕು ತಾನೇ ರೇಸ್ ಆಗತೊಡಗಿತು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯಲೊಲ್ಲದು, ಸೈಲೆನ್ಸರಿನಲ್ಲಿ ಟಪ್ ಟಪ್. ಕಾರ್ಬುರೇಟರ್ ಬದಲಿಸಿಬಿಡು ಅಂದರು ಒಬ್ಬರು.

ತಡೀರಿ ಅಂದೆ. ಮೊದಲು ಕೇಬಲ್ ಸಡಿಲ ಇದೆಯಾ, ಐಡ್ಲಿಂಗ್ ಸ್ಕ್ರೂ ಸರಿ ಇದೆಯಾ ನೋಡಿದೆ. ಪ್ಲಗ್ ಬಿಚ್ಚಿದರೆ ತುದಿ ಸುಣ್ಣದಂತೆ ಬೆಳ್ಳಗೆ: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪ್ಲಗ್ ಹಾಕಿ, ಎಂಜಿನ್ ಚಾಲೂ ಇಟ್ಟು, ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಜೋಡಣೆಗೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಚಿಮುಕಿಸಿದೆ. ಮೇಲೆ ಏನೂ ಇಲ್ಲ. ಕೆಳಮೂಲೆಗೆ ಬಿದ್ದದ್ದೇ ತಡ, ಸದ್ದು ಕುಗ್ಗಿ ತಡವರಿಸಿತು. ಗ್ಯಾಸ್ಕೆಟ್ ಸೀಳಿತ್ತು. (ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವವರೂ ಇದ್ದಾರೆ, ದಯವಿಟ್ಟು ಬೇಡ, ಬೆಂಕಿ ಹತ್ತುತ್ತದೆ.)

ಆ ಸೀಳಿನಿಂದ ಹೋಗುವ ಗಾಳಿ ಫಿಲ್ಟರ್ ದಾಟಿ ಬಂದದ್ದಲ್ಲ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೊಲದ ದಾರಿಗಳಲ್ಲಿ ಬೇಸಿಗೆಯ ಎರೆಮಣ್ಣಿನ ಧೂಳು ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್ ತಿನ್ನುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಎರಡೂ ಬೋಲ್ಟ್ ಸಮನಾಗಿ ಬಿಗಿದು, ಮತ್ತೆ ನೀರು ಚಿಮುಕಿಸಿದೆ. ಈ ಸಲ ಸದ್ದು ಕದಲಲಿಲ್ಲ.