ಗುಳ್ಳೆ ಕಳೆದ ಡೀಸೆಲ್

ಹಂಪಿ ಬಜಾರಿನ ಬೀದಿ ದಾಟಿ ಬಾಳೆ ತೋಟಗಳ ಕಡೆ ನಡೆದರೆ ತುರ್ತಾ ಕಾಲುವೆ ಸಿಗುತ್ತದೆ. ವಿಜಯನಗರದ ಕಾಲದ ಈ ಕಾಲುವೆಗೆ ಯಂತ್ರದ ಹಂಗಿಲ್ಲ, ಇಳಿಜಾರನ್ನೇ ನಂಬಿ ಇಂದಿಗೂ ಹರಿಯುತ್ತದೆ. ಆದರೆ ಅದಕ್ಕಿಂತ ಎತ್ತರದಲ್ಲಿ ಹೊಲ ಇದ್ದವನಿಗೆ ಡೀಸೆಲ್ ಇಂಜಿನ್ನೇ ಗತಿ. ಆ ಇಂಜಿನ್ನು ನಿಂತಾಗ ಏರ್ ತೆಗೆಯುವುದಿದೆಯಲ್ಲ, ಅಷ್ಟು ಖುಷಿ ಕೊಡುವ ಕೆಲಸ ನನಗೆ ಬೇರೊಂದಿಲ್ಲ.

"ಏರ್ ಹಿಡಿದೈತೆ ನೋಡಣ್ಣ, ಎಷ್ಟು ಹ್ಯಾಂಡಲ್ ಹೊಡೆದ್ರೂ ಚಾಲೂ ಆಗವಲ್ದು" ಎಂದು ಯಾರಾದರೂ ಕರೆದರೆ ಸಾಕು, ಪಾನಾ ಹಿಡಿದು ಹೊರಡುತ್ತೇನೆ. ಟ್ಯಾಂಕು ಪೂರ್ತಿ ಬರಿದಾಗಿರುತ್ತದೆ, ಇಲ್ಲವೇ ಫಿಲ್ಟರ್ ಬದಲಿಸಿರುತ್ತಾರೆ. ಇಂಜಿನ್ನಿಗೆ ಯಾವ ರೋಗವೂ ಇರುವುದಿಲ್ಲ. ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನೋಝಲ್ ಬಾಯಿ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು. ಡೀಸೆಲ್ಲನ್ನು ಒತ್ತಿದರೆ ಅದು ಕುಗ್ಗುವುದು ಅತ್ಯಲ್ಪ, ಒತ್ತಡ ನೇರ ನೋಝಲ್ಲಿಗೆ ಮುಟ್ಟುತ್ತದೆ. ನಡುವೆ ಗಾಳಿ ಕೂತಿದ್ದರೆ ಅದು ಡೀಸೆಲ್ ಪಂಪು ಒತ್ತಿದಾಗ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಹ್ಯಾಂಡಲ್ ತಿರುಗಿಸಿದವನ ರಟ್ಟೆ ನೋಯುತ್ತದೆಯೇ ಹೊರತು ಒಂದು ಹನಿಯೂ ಸಿಲಿಂಡರಿಗೆ ಬೀಳುವುದಿಲ್ಲ.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಇಂಜಿನ್ನಿನಲ್ಲಿ ಇಂಧನವನ್ನು ಒಳಗೆ ಊದುತ್ತಿದ್ದದ್ದೇ ಒತ್ತಿಟ್ಟ ಗಾಳಿ. ಅದಕ್ಕೆಂದು ಕಂಪ್ರೆಸರನ್ನೂ ಹೊತ್ತುಕೊಳ್ಳಬೇಕಿತ್ತು. 1927ರಲ್ಲಿ ಬಾಷ್ ಕಂಪನಿ ಡೀಸೆಲ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಗಾಳಿಯ ಸಹಾಯ ಬೇಡವಾಯಿತು. ಅಂದು ಇಂಧನ ತಂದುಕೊಡುತ್ತಿದ್ದ ಗಾಳಿಯೇ ಇಂದು ಅದರ ದಾರಿಗೆ ಅಡ್ಡ ನಿಲ್ಲುತ್ತದೆ ಎಂಬುದು ನನಗೆ ಪ್ರತಿ ಸಲವೂ ಬೆರಗು.

ಕ್ರಮ ಒಂದೇ: ಟ್ಯಾಂಕಿನಿಂದ ನೋಝಲ್ಲಿನ ಕಡೆಗೆ. ಮಧ್ಯದಲ್ಲಿ ಶುರು ಮಾಡಿದರೆ ಹಿಂದೆ ಉಳಿದ ಗಾಳಿ ಮತ್ತೆ ಮುಂದೆ ಬರುತ್ತದೆ. ಕೆಳಗೆ ಡಬ್ಬಿ ಇಟ್ಟು, ಫಿಲ್ಟರ್ ತಲೆಯ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸುತ್ತೇನೆ. ಮೊದಲು ಬರುವುದು ಡೀಸೆಲ್ ಅಲ್ಲ, ಗೋಲಿಸೋಡಾದ ಬುರುಗಿನಂಥ ನೊರೆ. ಆಮೇಲೆ ದಪ್ಪ ಗುಳ್ಳೆ, ಆಮೇಲೆ ಸಣ್ಣವು. ಅಲ್ಲಿ ಅವಸರ ಮಾಡಬಾರದು. ಗುಳ್ಳೆ ನಿಂತಂತೆ ಕಂಡರೂ ಮೂಲೆಯಲ್ಲಿ ಅಡಗಿದ್ದ ಇನ್ನೊಂದು ಪುಸಕ್ಕನೆ ಬರುತ್ತದೆ. ಡೀಸೆಲ್ ತುಂಡಾಗದೆ ಒಂದೇ ಎಳೆಯಾಗಿ ಇಳಿಯುವಾಗಲೇ, ಅದು ಹರಿಯುತ್ತಿರುವಂತೆಯೇ, ಸ್ಕ್ರೂ ಬಿಗಿಯಬೇಕು. ಆಮೇಲೆ ಪಂಪಿನ ಸರದಿ. ಕೊನೆಗೆ ನೋಝಲ್ ಪೈಪಿನ ನಟ್ಟು ಸಡಿಲಿಸಿ ಇಂಜಿನ್ ತಿರುಗಿಸಿದರೆ ಡೀಸೆಲ್ ಅಲ್ಲಿ ಜಿನುಗುತ್ತದೆ. ಬೆರಳು ಮಾತ್ರ ದೂರವಿರಲಿ, ಈ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿಬಿಡುತ್ತದೆ. ಎಲ್ಲ ನೋಝಲ್ಲುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹಂಚುವ ಕಾಮನ್ ರೈಲ್ ಇಂಜಿನ್ನುಗಳಲ್ಲಂತೂ ಆ ನಟ್ಟು ಮುಟ್ಟಲೇಬಾರದು.

ನಟ್ಟು ಬಿಗಿದು, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದರೆ ನೋಝಲ್ಲಿನಿಂದ "ಕಿರ್ರ್" ಎಂಬ ಸಣ್ಣ ಸದ್ದು ಬರುತ್ತದೆ. ಡೀಸೆಲ್ ಸಿಂಪಡಣೆಯಾಗುವ ಸದ್ದು ಅದು. ನನ್ನ ಮಟ್ಟಿಗೆ ಅಲ್ಲಿಗೇ ಇಂಜಿನ್ ಚಾಲೂ ಆದಂತೆ. ಇನ್ನು ರಭಸದಿಂದ ನಾಲ್ಕು ಸುತ್ತು ತಿರುಗಿಸಿ ಲಿವರ್ ಬಿಡುವುದಷ್ಟೇ.

ಕಂಪ್ಲಿ ಕಡೆಯ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳದ್ದು ಬೇರೆ ಪರೀಕ್ಷೆ. ಅಲ್ಲಿ ಫೀಡ್ ಪಂಪು ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುತ್ತದೆ. ಎಳೆಯುವ ಕಡೆಯ ಪೈಪು ಬಿಸಿಲಿಗೆ ಸೀಳಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ಒದ್ದೆಯಾದ ಜೋಡಣೆಯಷ್ಟೇ ಒಣಗಿದ್ದರ ಮೇಲೂ ನನಗೆ ಅನುಮಾನ. ಏರ್ ತೆಗೆದು ಚಾಲೂ ಮಾಡಿದ ಮೇಲೆ ಅರ್ಧ ಗಂಟೆಯಾದರೂ ಅಲ್ಲೇ ನಿಂತು ಕೇಳುತ್ತೇನೆ. ಸದ್ದು ಏರಿಳಿಯತೊಡಗಿದರೆ ಇಂಜಿನ್ ನಿಲ್ಲಿಸಿ, ತಾಮ್ರದ ವಾಷರ್ ಒಂದೊಂದನ್ನೂ ನೋಡುತ್ತಾ ಮತ್ತೆ ಟ್ಯಾಂಕಿನಿಂದಲೇ ಶುರು.