ಕಮಲಾಪುರದಲ್ಲಿ ಉಳಿದವರು

ಅಕ್ಕನ ಘಟಿಕೋತ್ಸವದ ಮಾತು ಬಂದಾಗೆಲ್ಲ ನಮ್ಮ ಮನೆಯಲ್ಲಿ ಎರಡು ಪಾಳಿ ಆಗುತ್ತವೆ. ಘಟಿಕೋತ್ಸವ ಕಂಡವರದೊಂದು, ಕಮಲಾಪುರದಲ್ಲಿ ಉಳಿದವರದೊಂದು. ಮೊದಲನೆಯದರಲ್ಲಿ ಅವ್ವ ಒಬ್ಬಳೇ. ಎರಡನೆಯದರಲ್ಲಿ ಅಪ್ಪ, ಮುತ್ಯಾ, ಆಯಿ, ಕಾಕಾ, ಅಣ್ಣ ಮತ್ತು ನಾಲ್ಕನೇ ಇಯತ್ತೆಯಲ್ಲಿದ್ದ ನಾನು. ಈಗ ಅವ್ವ ಇಲ್ಲ, ಮುತ್ಯಾ ಆಯಿಯೂ ಇಲ್ಲ. ಉಳಿದವರು ಸೇರಿದರೆ ಯಾರಾದರೊಬ್ಬರು ಆ ಬೆಲ್ಟಿನ ಸುದ್ದಿ ತೆಗೆಯುತ್ತಾರೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬುತ್ತಾರೆ.

1990ರ ದಶಕದ ಮೊದಲ ವರ್ಷಗಳ ಮಾತು. ಬಸ್ಸಿನ ಬೋರ್ಡಿನ ಮೇಲೆ, ಅಕ್ಕ ಬರೆಯುತ್ತಿದ್ದ ಕಾಗದಗಳ ಮೇಲೆ ಊರ ಹೆಸರು ಗುಲ್ಬರ್ಗ ಎಂದಿರುತ್ತಿತ್ತು. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಅದು ಗುಲ್ಬರ್ಗ ಆಗಿರಲಿಲ್ಲ, ಕಲಬುರ್ಗಿಯೇ. 2014ರ ನವೆಂಬರ್ 1ರಂದು ಸರ್ಕಾರ ಹೆಸರು ಬದಲಿಸಿದಾಗ ಆಯಿ ಇದ್ದಿದ್ದರೆ ಏನು ಬದಲಾಯಿತೆಂದು ಕೇಳುತ್ತಿದ್ದಳು.

ನಮ್ಮೂರು ಬಸವಕಲ್ಯಾಣದ ಕಡೆಯ ಒಂದು ಹಳ್ಳಿ. ಅಕ್ಕ ಕಲ್ಯಾಣದಲ್ಲಿ ಬಿ.ಎ. ಮುಗಿಸಿ ಕನ್ನಡ ಎಂ.ಎ.ಗೆಂದು ಕಲಬುರ್ಗಿಗೆ ಹೋದವಳು. ಆ ವಿಶ್ವವಿದ್ಯಾಲಯ ಅಲ್ಲಿ ಇರದಿದ್ದರೆ ಅವಳ ಓದು ಬಿ.ಎ.ಗೇ ನಿಲ್ಲುತ್ತಿತ್ತು, ಇದರಲ್ಲಿ ನನಗೆ ಅನುಮಾನವೇ ಇಲ್ಲ. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕಲಬುರ್ಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದೇ ಗುಲ್ಬರ್ಗ ವಿಶ್ವವಿದ್ಯಾಲಯವಾಗಿ ಬೇರೆ ನಿಂತಿತು. ಬೀದರ, ಕಲಬುರ್ಗಿ, ರಾಯಚೂರು, ಬಳ್ಳಾರಿ, ಈ ನಾಲ್ಕು ಜಿಲ್ಲೆಗಳ ಮಕ್ಕಳಿಗೆ ಧಾರವಾಡದ ದೂರ ತಪ್ಪಿತು. ಹುಡುಗಿಯನ್ನು ಇಡೀ ದಿನದ ದಾರಿಯಾಚೆ ಇಟ್ಟು ಓದಿಸುವ ಧೈರ್ಯ ಅಪ್ಪನಿಗೆ ಖಂಡಿತ ಇರಲಿಲ್ಲ. ಕಲಬುರ್ಗಿಯಾದರೆ ಮುಂಜಾನೆ ಬಸ್ಸು ಹತ್ತಿ ಹೋಗಿ, ಮಗಳ ಮುಖ ನೋಡಿ, ಸಂಜೆಗೆ ಮನೆ ಸೇರಬಹುದಿತ್ತು.

ಅಷ್ಟಕ್ಕೂ ಮನೆ ಸುಮ್ಮನೆ ಒಪ್ಪಿದ್ದಲ್ಲ. ಬಿ.ಎ. ಮುಗಿದ ವರ್ಷ ಒಳ್ಳೆಯ ಸಂಬಂಧವೊಂದು ಬಂದಿತ್ತು. "ಸಾಕು, ಇನ್ನೆಷ್ಟ್ ಓದಸ್ತೀರಿ" ಎಂದದ್ದು ಮುತ್ಯಾ. ಅವ್ವ ಎದುರಾಡಲಿಲ್ಲ. ಎರಡು ದಿನ ಬಿಟ್ಟು ತವರಿಗೆ ಹೋಗಿಬಂದಳು. ಬರುವಾಗ ಅವಳ ಕೊರಳಲ್ಲಿ ಬೋರಮಾಳ ಇರಲಿಲ್ಲ, ಸೆರಗಿನ ಗಂಟಿನಲ್ಲಿ ಅಕ್ಕನ ಫೀಸು, ಹಾಸ್ಟೆಲಿನ ರೊಕ್ಕ ಇತ್ತು. ಆ ಸರ ಮತ್ತೆ ಮನೆಗೆ ಬರಲೇ ಇಲ್ಲ. ಅದರ ಬಗ್ಗೆ ಅವ್ವ ಒಂದು ಮಾತು ಆಡಿದ್ದನ್ನೂ ನಾನು ಕೇಳಿಲ್ಲ.

ಘಟಿಕೋತ್ಸವದ ದಿನ ನಸುಕಿನಲ್ಲೇ ಎದ್ದು ಹೊರಟೆವು. ಕಾಕಾ ಸೊಲ್ಲಾಪುರದಿಂದ ತಂದಿದ್ದ ಹಳೆಯ ಬಿಳಿ ಕಾರು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು ಇದ್ದಂಥದು. ಮುಂದೆ ಕಾಕಾ, ಅಪ್ಪ, ಅಣ್ಣ. ಹಿಂದೆ ಮುತ್ಯಾ, ಆಯಿ, ಅವ್ವ, ಅವ್ವನ ತೊಡೆಯ ಮೇಲೆ ನಾನು. ನನ್ನ ತೊಡೆಯ ಮೇಲೆ ಬುತ್ತಿ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಅಕ್ಕನಿಗೂ ಅವಳ ಗೆಳತಿಯರಿಗೂ ಸಾಕಾಗಲೆಂದು ಎರಡು ದಿನ ಕೂತು ಮಾಡಿದ ಶೇಂಗಾ ಹೋಳಿಗೆ. ಅಪ್ಪನ ಅಂಗಿಯ ಕಿಸೆಯಲ್ಲಿ ಆಮಂತ್ರಣದ ಕಾರ್ಡು. ಹುಮನಾಬಾದ ದಾಟುವವರೆಗೆ ಅವನು ಅದನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡನೋ.

ಹುಮನಾಬಾದದಿಂದ ಕಲಬುರ್ಗಿಯ ದಾರಿ ಹಿಡಿದರೆ ಕಮಲಾಪುರ ಸಮೀಪಿಸುತ್ತಿದ್ದಂತೆ ನೆಲದ ಬಣ್ಣ ತಿರುಗುತ್ತದೆ. ತೊಗರಿ ಜೋಳದ ಕರಿ ಎರೆಭೂಮಿ ನೋಡಿ ಬೆಳೆದ ಕಣ್ಣಿಗೆ ಆ ಕೆಂಪು ಹೊಸದು. ಮಣ್ಣು ಕೆಂಪು, ಕಡಿದ ಗುಡ್ಡದ ಮಗ್ಗುಲು ಕೆಂಪು, ಗೋಡೆಯ ಕಲ್ಲೂ ಕೆಂಪು. ಆ ಕೆಂಪನ್ನೇ ನೋಡುತ್ತ ಕೂತಿದ್ದೆ. ಬಾನೆಟ್ಟಿನ ಒಳಗಿಂದ ಚಟ್ ಅಂತ ಸಪ್ಪಳ ಬಂತು. ಕಾಕಾನ ಮುಂದೆ ಒಂದು ಕೆಂಪು ದೀಪ ಹತ್ತಿತು. ಅವನು ನಿಲ್ಲಿಸಲಿಲ್ಲ. ಊರು ಕಾಣುತ್ತಿತ್ತು, ಅಲ್ಲಿಯವರೆಗೆ ಹೋಗಿಬಿಡೋಣ ಅಂದ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಉಗಿ ಎದ್ದು ಮುಂದಿನ ಗಾಜೇ ಮುಚ್ಚಿಹೋಯಿತು. ಕಾರು ಕಮಲಾಪುರದ ಮೊದಲ ಚಹಾದಂಗಡಿಯ ಮುಂದೆ ನಿಂತಿತು.

ಹರಿದದ್ದು ಫ್ಯಾನ್ ಬೆಲ್ಟು. ಅಂಗೈ ಅಗಲವೂ ಇಲ್ಲದ ಒಂದು ರಬ್ಬರ್ ಪಟ್ಟಿ. ಆ ಕಾಲದ ಕಾರುಗಳಲ್ಲಿ ರೇಡಿಯೇಟರಿನ ಫ್ಯಾನು, ನೀರಿನ ಪಂಪು, ಬ್ಯಾಟರಿ ತುಂಬುವ ಡೈನಮೊ ಮೂರೂ ತಿರುಗುತ್ತಿದ್ದದ್ದು ಆ ಒಂದು ಪಟ್ಟಿಯ ಮೇಲೆ. ಅದು ಹೋದರೆ ಎಂಜಿನ್ನಿನ ಸುತ್ತ ನೀರು ಹರಿಯುವುದಿಲ್ಲ, ಇದ್ದಲ್ಲೇ ಕುದಿಯುತ್ತದೆ. ಬೇವಿನ ಮರದ ಕೆಳಗೆ ಶೆಡ್ಡು ಹಾಕಿಕೊಂಡಿದ್ದ ಮೇಸ್ತ್ರಿಯೊಬ್ಬ ಬಂದು, ನೆನೆಸಿದ ಗೋಣಿತಟ್ಟು ಹಿಡಿದು ನಿಂತು, "ಇನ್ನೊಂದ್ ಮೈಲಿ ಓಡಿಸಿದ್ರ ಎಂಜಿನ್ನೇ ಹೋಗ್ತಿತ್ತು, ಪುಣ್ಯಾ ಮಾಡೀರಿ" ಅಂದ. ಹಗ್ಗ ಕಟ್ಟಿ ನೋಡಿದರು. ಆಯಿಯ ಹಳೆಯ ಸೀರೆಯ ಅಂಚು ಹುರಿಮಾಡಿ ಹಾಕಿ ನೋಡಿದರು. ಎರಡೂ ನಿಲ್ಲಲಿಲ್ಲ. ಆ ಅಳತೆಯ ಬೆಲ್ಟು ಕಲಬುರ್ಗಿಯಲ್ಲೇ ಸಿಗಬೇಕು. ಬೆಲ್ಟು ಬಿರುಕು ಬಿಟ್ಟದ್ದು ಕಾಕಾನಿಗೆ ಹಿಂದಿನ ವಾರವೇ ಗೊತ್ತಿತ್ತಂತೆ. ಅದನ್ನು ಅವನು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಅಕ್ಕನ ಮಗಳ ಮದುವೆಯಲ್ಲಿ, ಎಲ್ಲರ ಎದುರಿಗೆ, ಕಣ್ಣಲ್ಲಿ ನೀರು ತಂದುಕೊಂಡು. ಅಷ್ಟು ದಿನ ಅದನ್ನು ಒಬ್ಬನೇ ಹೊತ್ತಿದ್ದನಲ್ಲಾ ಎಂದು ನಮಗೆಲ್ಲ ಸಂಕಟವಾಯಿತು.

ಬಸ್ಸುಗಳು ತುಂಬಿ ಬರುತ್ತಿದ್ದವು, ಕೈ ಮಾಡಿದರೂ ನಿಲ್ಲುತ್ತಿರಲಿಲ್ಲ. ಹನ್ನೊಂದಕ್ಕೆ ಕಾರ್ಯಕ್ರಮ. ಇನ್ನೂ ಮೂವತ್ತೈದು ಕಿಲೋಮೀಟರಿನ ಮೇಲೆ ದಾರಿ, ಅದರ ಮೇಲೆ ಪಟ್ಟಣ ದಾಟಿ ಸೇಡಂ ರಸ್ತೆಗೆ ಹೋಗಬೇಕು. ಚಹಾದಂಗಡಿಯ ಮುಂದೆ ಬಾಳೆಗೊನೆ ಹೇರಿದ ಟೆಂಪೊ ಒಂದು ನಿಂತಿತ್ತು. ಅದರ ಡ್ರೈವರು ನಮ್ಮ ಗಡಿಬಿಡಿ ನೋಡುತ್ತಲೇ ಚಹಾ ಕುಡಿದು ಎದ್ದ. "ಒಬ್ರು ಬರ್ರಿ. ಒಬ್ರಿಗಷ್ಟೇ ಜಾಗಾ ಅದ."

ಎಲ್ಲರೂ ಅಪ್ಪನ ಮುಖ ನೋಡಿದೆವು. ಕಾಕಾ, "ಅಣ್ಣಾ, ನೀ ಹೋಗು, ಕಾರ್ಡು ನಿನ್ನ ಬಲ್ಲೇ ಅದ" ಅಂದ. ಅಪ್ಪ ಧೋತರದ ಚುಂಗು ಎತ್ತಿ ಹಿಡಿದು ಟೆಂಪೊ ಕಡೆ ಎರಡು ಹೆಜ್ಜೆ ಹಾಕಿಯೂ ಆಗಿತ್ತು. ಅವ್ವ ಬುತ್ತಿಯ ಗಂಟು ಅವನ ಕೈಗೆ ಕೊಡಲು ಹೋದಳು.

"ಆಕಿ ಹೋಗಲಿ" ಅಂದ ಮುತ್ಯಾ. ಕಟ್ಟೆಯ ಮೇಲೆ ಕೂತಲ್ಲಿಂದಲೇ, ಕೋಲಿನ ಮೇಲೆ ಗದ್ದ ಊರಿ. "ಓದಿಸಿದಾಕಿ ಆಕಿ. ಆಕೀನೇ ಹೋಗಲಿ."

ಸಾಕು ಅಂದಿದ್ದ ಅದೇ ಮುತ್ಯಾ. ಅಪ್ಪ ನಿಂತ. ಮುತ್ಯಾನ ಕಡೆ ಒಮ್ಮೆ ನೋಡಿ, ಹೋಗಿ ಟೆಂಪೊದ ಬಾಗಿಲು ತೆರೆದು ಹಿಡಿದ. ಅವ್ವ ಏನೂ ಅನ್ನಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಬುತ್ತಿ ಎದೆಗೊತ್ತಿಕೊಂಡು ಹತ್ತಿದಳು. ಅಕ್ಷರ ಬಾರದ, ಅದುವರೆಗೆ ಒಬ್ಬಳೇ ಹುಮನಾಬಾದಕ್ಕೂ ಹೋಗದ ನನ್ನ ಅವ್ವ. ಟೆಂಪೊ ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪನ ಕೈ ಕಿಸೆಗೆ ಹೋಯಿತು. ಕಾರ್ಡು ಅಲ್ಲೇ ಇತ್ತು.

ಆ ನಂತರದ ಹೊತ್ತು ನನ್ನ ಪಾಲಿಗೆ ಸಿಕ್ಕಿದ ದೊಡ್ಡ ಆಸ್ತಿ. ಕಾಕಾ ಕೊನೆಗೂ ಒಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಬೆಲ್ಟಿಗೆ ಹೋದ. ಅಪ್ಪ ರಸ್ತೆಯಂಚಿಗೆ ಅತ್ತಿಂದಿತ್ತ ನಡೆದ. ಮುದುಕರು ಬಿಸಿಲಿಗೆ ಕೂತದ್ದನ್ನು ನೋಡಿ ತೋಟದವನೊಬ್ಬ ನಮ್ಮನ್ನು ತನ್ನ ಬಾವಿಗೆ ಕರೆದೊಯ್ದ. ಕಮಲಾಪುರದ ಕೆಂಪು ಬಾಳೆ ನಾನು ಮೊದಲು ನೋಡಿದ್ದು ಅಲ್ಲಿ. ನಮ್ಮ ಕಡೆಯ ಬಾಳೆಗಿಂತ ಎತ್ತರದ ಗಿಡ, ದಿಂಡಿಗೇ ಕೆಂಪು ಛಾಯೆ, ಗೊನೆಯ ಭಾರಕ್ಕೆ ಬಾಗದಂತೆ ಬಿದಿರಿನ ಊರುಗೋಲು. ಹಣ್ಣಿನ ಸಿಪ್ಪೆ ಕುಂಕುಮ ಒಣಗಿದ ಬಣ್ಣ. ಆಯಿ ಮೊದಲು ಕೈಗೆ ತೆಗೆದುಕೊಳ್ಳಲಿಲ್ಲ. "ಇದೇನ್ ಹಣ್ಣೋ ಗಡ್ಡಿಯೋ" ಎಂದಳು. ಸುಲಿದರೆ ಒಳಗೆ ಕೆನೆಯಂಥ ತಿರುಳು, ಮೂಗಿಗೇ ಸಿಹಿ ತಾಗುವ ಪರಿಮಳ. ಒಂದು ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕೆಂದು ತೋಟದವನು ಹೇಳಿದ. ಮುತ್ಯಾ ಹಣ್ಣನ್ನು ಕೈಯಲ್ಲೇ ತಿರುಗಿಸುತ್ತ, "ನಮ್ಮ ಹುಡುಗಿ ಎಂ.ಎ. ಎಡ್ಡ ವರ್ಷ" ಎಂದ. ಅಂದು ಮುತ್ಯಾ ಸಿಕ್ಕವರಿಗೆಲ್ಲ ಆ ಮಾತು ಹೇಳಿದ. ಮೇಸ್ತ್ರಿಗೆ, ಚಹಾದಂಗಡಿಯವನಿಗೆ, ದನ ಹೊಡೆದುಕೊಂಡು ಹೋಗುತ್ತಿದ್ದ ಹುಡುಗನಿಗೆ.

ಆ ಬಾಳೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಕಮಲಾಪುರ ತಾಲ್ಲೂಕಾಗಿದೆ. ಮರಗುತ್ತಿಯ ಗುಡ್ಡ ಕೊರೆದು ಸುರಂಗ ಮಾಡಿ, 2017ರಿಂದ ಬೀದರ–ಕಲಬುರ್ಗಿ ರೈಲು ಆ ಊರಿನ ಮೇಲೇ ಹಾಯುತ್ತದೆ. ಇವೆಲ್ಲ ಪತ್ರಿಕೆಯಲ್ಲಿ ಬಂದಾಗ ಅಣ್ಣ ಕತ್ತರಿಸಿ ಇಟ್ಟಿದ್ದಾನೆ, ನಮ್ಮೂರಿನ ಸುದ್ದಿ ಎಂಬಂತೆ.

ಬೆಲ್ಟು ಬಂದಾಗ ಒಂದೂವರೆ. ಮೇಸ್ತ್ರಿ ಕೂಡಿಸಿದ, ರೇಡಿಯೇಟರು ತಣಿದ ಮೇಲೆ ನೀರು ತುಂಬಿದ, ದುಡ್ಡು ಅರ್ಧವೇ ತೆಗೆದುಕೊಂಡ. "ಅಕ್ಕಾರ ಪಾಸಾದ ಪೇಢಾ ಅಂತ ತಿಳೀರಿ" ಎಂದ. ಮಹಾಗಾಂವ ಕ್ರಾಸು, ಗಂಜು, ಸೂಪರ್ ಮಾರ್ಕೆಟ್ಟಿನ ಗದ್ದಲ, ಜಗತ್ ವೃತ್ತ, ಎಲ್ಲ ಒಂದೇ ಉಸಿರಿಗೆ ದಾಟಿ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದೊಳಗೆ ಹೋದಾಗ ನಾಲ್ಕು ಗಂಟೆ. ಶಾಮಿಯಾನ ಬಿಚ್ಚುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

ಹಾಸ್ಟೆಲಿನ ಮೆಟ್ಟಿಲ ಮೇಲೆ ಅವ್ವ, ಅಕ್ಕ, ಸುತ್ತ ಆರೇಳು ಹುಡುಗಿಯರು. ನಡುವೆ ಬಿಚ್ಚಿದ ಬುತ್ತಿ. ಅಕ್ಕ ಸಾದಾ ಸೀರೆಯಲ್ಲಿದ್ದಳು. ಗೌನು ವಾಪಸ್ಸು ಕೊಟ್ಟಾಗಿತ್ತು. ಅಪ್ಪ ಕಾರಿನಿಂದಿಳಿದು ಅವಳ ಮುಂದೆ ನಿಂತ. ಕಿಸೆಯಿಂದ ಆ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟ. ಬೇರೆ ಏನು ಮಾಡಬೇಕೋ ಅವನಿಗೆ ತಿಳಿದಿರಲಿಕ್ಕಿಲ್ಲ. ಅಕ್ಕ ಅದನ್ನು ಇವತ್ತಿಗೂ ಪದವಿ ಪತ್ರದ ಜತೆಯಲ್ಲೇ ಇಟ್ಟಿದ್ದಾಳೆ.

ಗೌನು ಹಾಕಿದ ಅಕ್ಕನನ್ನು ನಮ್ಮ ಮನೆಯಲ್ಲಿ ಕಂಡವಳು ಅವ್ವ ಒಬ್ಬಳೇ. ಫೋಟೊ ಒಂದಿದೆ, ಅದರಲ್ಲೂ ಅವ್ವ ಬುತ್ತಿಯ ಗಂಟು ಬಿಟ್ಟಿಲ್ಲ. ಆದರೆ ನಮಗೆ ಕಂಡ ಘಟಿಕೋತ್ಸವ ಅಂದು ರಾತ್ರಿ ಕತ್ತಲ ಕಾರಿನಲ್ಲಿ ಅವ್ವ ಹೇಳಿದ್ದು. ಕಮ್ಮಿ ಮಾತಿನ ಅವ್ವ ಅವತ್ತು ನಿಲ್ಲಿಸಲೇ ಇಲ್ಲ. ಟೆಂಪೊದವನು ಗಂಜಿನಲ್ಲಿ ಗೊನೆ ಇಳಿಸುವ ಮೊದಲೇ ಅವಳನ್ನು ಆಟೊ ಹತ್ತಿಸಿ, ಆಟೊದವನಿಗೆ ಎರಡೆರಡು ಸಲ ಹೇಳಿ ಕಳಿಸಿದ್ದು. ಗೇಟಿನಲ್ಲಿ ಕಾರ್ಡು ಕೇಳಿದ್ದು. "ಕಾರ್ಡು ಕಮಲಾಪುರದಾಗ ಅದ, ಮಗಳು ಒಳಗ ಹಾಳ" ಎಂದು ಇವಳು ಹೇಳಿದ್ದು. ಅಲ್ಲಿದ್ದ ವಿದ್ಯಾರ್ಥಿಯೊಬ್ಬ ಅಕ್ಕನ ಹೆಸರು ಕೇಳಿ, ಕೈ ಹಿಡಿದು ಒಳಗೆ ಒಯ್ದು ಕೂಡಿಸಿದ್ದು. ದೊಡ್ಡವರೆಲ್ಲ ಸಾಲಾಗಿ ನಡೆದು ಬಂದಾಗ ಮಂದಿ ಎದ್ದುನಿಂತದ್ದು. ರಾಜ್ಯಪಾಲರು ಏನೋ ಹೇಳಿದಾಗ ಎಲ್ಲ ಹುಡುಗ ಹುಡುಗಿಯರು ಒಟ್ಟಿಗೆ ಎದ್ದದ್ದು.

"ಅಷ್ಟ್ ಮಂದ್ಯಾಗ ಅಕ್ಕನ್ನ ಹ್ಯಾಂಗ ಗುರ್ತ ಹಿಡದಿ?" ನಾನು ಕೇಳಿದೆ. ಎಲ್ಲರದೂ ಒಂದೇ ಥರದ ಗೌನು ಎಂದು ಆಗಲೇ ಹೇಳಿದ್ದಳಲ್ಲ.

"ಹಿಂದಿನ್ ತಲಿ ನೋಡಿ" ಅಂದಳು ಅವ್ವ. "ದಿನಾ ಹೆಣಿಲ್ ಹಾಕ್ದಾಕಿ ನಾನಲ್ಲೇನ."

ಕಮಲಾಪುರ ಬಂದಾಗ ಅವಳೇ ಕಾರು ನಿಲ್ಲಿಸಲು ಹೇಳಿದಳು. ಚಹಾದಂಗಡಿಯ ಕಂದೀಲು ಇನ್ನೂ ಉರಿಯುತ್ತಿತ್ತು. ಟೆಂಪೊದವನ ಹೆಸರು ಕೇಳಲು ಅವಳಿಗೆ ಹೊಳೆದಿರಲಿಲ್ಲ. ಬುತ್ತಿಯ ಬಟ್ಟೆಯಲ್ಲಿ ತೆಗೆದಿಟ್ಟಿದ್ದ ನಾಲ್ಕು ಹೋಳಿಗೆ ಅಂಗಡಿಯವನ ಕೈಗೆ ಕೊಟ್ಟು, ಮುಂಜಾನೆ ಬಾಳೆಗೊನೆ ಹೇರಿಕೊಂಡು ಹೋದವನಿಗೆ ಮುಟ್ಟಿಸಲು ಹೇಳಿದಳು. ಅವನು ಅವನ್ನು ಬಾಳೆಎಲೆಯಲ್ಲಿ ಸುತ್ತಿ ಮೇಲಿನ ಗೂಡಿನಲ್ಲಿಟ್ಟ.

"ನಾಳಿ ನಸುಕಿನ್ಯಾಗ ಬರ್ತಾನ್ರಿ ಯವ್ವಾ, ಕೊಡ್ತೀನಿ."