ಕಡಲಿನ ಪಾಲು

ಹಳೇಬೀಡಿನಲ್ಲಿ ಕಡಲಿಲ್ಲ. ಆದರೂ ಊರಿನ ಹಳೆಯ ಹೆಸರು ದೋರಸಮುದ್ರ; ಜನರ ಬಾಯಲ್ಲಿ ದ್ವಾರಸಮುದ್ರ. ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರಿಗೆ ಹೋದರೆ ವಿಷ್ಣುಸಮುದ್ರ. ಅರಸೀಕೆರೆಯವರು ಸ್ವಲ್ಪ ಸಂಕೋಚದವರಿರಬೇಕು, ಕೆರೆಯನ್ನು ಕೆರೆಯೆಂದೇ ಕರೆದು ಅದಕ್ಕೊಬ್ಬ ಅರಸಿಯನ್ನು ಜೊತೆಮಾಡಿ ಸುಮ್ಮನಾದರು. ಘಟ್ಟ ಇಳಿಯದೆ ಸಮುದ್ರ ಕಾಣಸಿಗದ ಈ ಸೀಮೆಯಲ್ಲಿ, ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಆನೆ, ಸಿಂಹ, ಕುದುರೆಗಳ ಪಟ್ಟಿಕೆಗಳ ಮೇಲೆ ಮಕರಗಳ ಸಾಲೊಂದು ಸಾಗುತ್ತದೆ. ಮೂತಿ ಆನೆಯದು, ಬಾಯಿ ಮೊಸಳೆಯದು, ಬಾಲ ನವಿಲಿನದು. ಕಡಲ ಜೀವಿಯೊಂದನ್ನು ಕಣ್ಣಾರೆ ನೋಡಿ ಕೆತ್ತಿದ್ದಂತೂ ಅಲ್ಲ. ಆದರೆ ಗೋಡೆಯ ಮೇಲೆ ಅದಕ್ಕೊಂದು ಜಾಗ ಇರಲೇಬೇಕೆಂದು ಶಿಲ್ಪಿಗೆ ಅನ್ನಿಸಿತ್ತು.

ಕೆರೆಗೆ ಸಮುದ್ರವೆಂದು ಹೆಸರಿಟ್ಟವರು ಬರೀ ಬಡಾಯಿ ಕೊಚ್ಚಿಕೊಂಡರು ಎನ್ನುವಂತಿಲ್ಲ. ಅವರಿಗೆ ನೀರಿನ ದಾರಿ ಗೊತ್ತಿತ್ತು. ಕೆರೆ ಒಂಟಿಯಾಗಿರುತ್ತಿರಲಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು ಅವನ ಕೂಲಿ. ಕೋಡಿಯ ನೀರಿಗೆ ಮಾತ್ರ ಅವನು ಕೈ ಹಚ್ಚುವಂತಿರಲಿಲ್ಲ. ಅದು ಕೆಳಗಿನೂರಿನ ಪಾಲು. ಕೋಡಿ ಎತ್ತರಿಸಿ ನೀರು ತಡೆದುಕೊಂಡರೆ ಎರಡೂರಿಗೆ ಜಗಳ. ಕೋಡಿ ಬಿದ್ದ ದಿನ ಊರು ಹೋಗಿ ಪೂಜೆ ಮಾಡಿ ಬರುತ್ತಿತ್ತೇ ಹೊರತು, ನೀರು ದಂಡವಾಯಿತೆಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತಿರಲಿಲ್ಲ.

ಈ ಲೆಕ್ಕ ಕೆಟ್ಟು ಬಹಳ ಕಾಲವಾಯಿತು. ಕೊಳವೆಬಾವಿಗಳು ಬಂದವು, ಕಾಲುವೆಗಳು ಹೂತವು, ಕೆರೆಯಂಗಳ ಒತ್ತುವರಿಯಾಯಿತು. ದ್ವಾರಸಮುದ್ರವೇ ವರ್ಷಗಟ್ಟಲೆ ಒಣಗಿ ನಿಂತಿತು. ದೇವಾಲಯ ನೋಡಲು ಬಂದ ಪ್ರವಾಸಿಗರು ಪಕ್ಕದ ಬಯಲನ್ನು ಆಟದ ಮೈದಾನವೆಂದುಕೊಂಡಿದ್ದರೆ ಅವರ ತಪ್ಪಿಲ್ಲ. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿಗೆ ತನ್ನಿ ಎಂದು ರೈತರು ಬೀದಿಗಿಳಿದದ್ದು ಇಂಥ ದಿನಗಳಲ್ಲೇ. ಬಾಯಾರಿದವರ ಕೂಗು ಅದು. ಅದರಲ್ಲಿ ತಪ್ಪು ಹುಡುಕುವುದು ಹೊಟ್ಟೆ ತುಂಬಿದವರ ಕೆಲಸ.

ಅಷ್ಟರಲ್ಲಿ ಕಡಲಿಗೆ ಹೋಗುವ ನೀರೇ ಈ ಕಡೆ ತಿರುಗಿತು. ಸಕಲೇಶಪುರದ ಆಸುಪಾಸಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿನಲ್ಲಿ ಸಮುದ್ರ ಸೇರುವ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಪಂಪುಗಳಿಂದ ಎತ್ತಿ ಪೂರ್ವಕ್ಕೆ ಹರಿಸುವುದೇ ಎತ್ತಿನಹೊಳೆ ಯೋಜನೆ. ಲೆಕ್ಕ 24 ಟಿಎಂಸಿಯದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಕುಡಿಯುವ ನೀರು, ಜೊತೆಗೆ 527 ಕೆರೆ ತುಂಬಿಸುವುದು. 2012ರಲ್ಲಿ 8,323 ಕೋಟಿ ರೂಪಾಯಿ ಎಂದದ್ದು 2023ರ ಹೊತ್ತಿಗೆ 23,251 ಕೋಟಿಗೆ ಏರಿತು. ನೀರಿಗಿಂತ ಮೊದಲು ಅಂದಾಜುಪಟ್ಟಿಯೇ ಘಟ್ಟ ಹತ್ತಿತು ಎನ್ನಬೇಕು. ನಾಲೆ ಹೋಗುವುದು ಬೇಲೂರು, ಅರಸೀಕೆರೆ ತಾಲ್ಲೂಕುಗಳನ್ನು ಹಾದು. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೊದಲ ಹಂತಕ್ಕೆ ಚಾಲನೆ ಕೊಟ್ಟರು.

ಘಟ್ಟದ ಕೆಳಗಿನವರು ಇದನ್ನು ಮೊದಲಿಂದಲೂ ವಿರೋಧಿಸಿದವರು. ಮಂಗಳೂರಿನ ರಾಷ್ಟ್ರೀಯ ಪರಿಸರ ಸಂರಕ್ಷಣಾ ಒಕ್ಕೂಟ, ಚಾರಣಕ್ಕೆಂದು ಕಾಡು ಹತ್ತುತ್ತಾ ನದಿಮೂಲಗಳ ಕಾವಲಿಗೆ ನಿಂತ ಸಹ್ಯಾದ್ರಿ ಸಂಚಯ, ಇಂಥ ಸಂಘಟನೆಗಳ ಜನ ಸಂಬಳ ಸಾರಿಗೆ ಇಲ್ಲದೆ ವರ್ಷಗಟ್ಟಲೆ ಅರ್ಜಿ, ಸಭೆ, ಮೆರವಣಿಗೆ ಎಂದು ಓಡಾಡಿದರು. ಕಡಲ ಜೀವಿಗಳನ್ನು ಕಾಯುವ ಸಂಸ್ಥೆಯೆಂದರೆ ನಮ್ಮ ಕಣ್ಣಿಗೆ ಬರುವ ಚಿತ್ರ ಬೇರೆ. ಕುಂದಾಪುರದ ಕಡೆ ಎಫ್‌ಎಸ್‌ಎಲ್ ಇಂಡಿಯಾದವರು ಮೀನುಗಾರರನ್ನೇ ಜೊತೆಗೆ ಕಟ್ಟಿಕೊಂಡು ಕಡಲಾಮೆಯ ಮೊಟ್ಟೆ ಕಾದದ್ದುಂಟು. ಮರಳಿನ ಗೂಡಿಗೆ ಬೇಲಿ ಕಟ್ಟಿ, ಒಂದೂವರೆ ಎರಡು ತಿಂಗಳು ನಾಯಿ ನರಿಗಳಿಂದ ಉಳಿಸಿ, ಮರಿಗಳು ದಾರಿದೀಪದ ಬೆಳಕಿಗೆ ಮರುಳಾಗಿ ರಸ್ತೆಯತ್ತ ನಡೆಯದಂತೆ ನೋಡಿಕೊಳ್ಳುವ ಕೆಲಸ. ಅದು ಎಲ್ಲರಿಗೂ ಇಷ್ಟವಾಗುತ್ತದೆ. ಆಮೆಮರಿ ನೀರಿಗಿಳಿಯುವುದನ್ನು ನೋಡಿ ಕರಗದವರಿಲ್ಲ. ಆದರೆ ನೂರಾರು ಅಡಿ ಮೇಲಿನ ಕಾಡಿನ ಹಳ್ಳವೊಂದು ಕಡಲಿನ ಮೀನಿಗೆ ಬೇಕು ಎಂದು ಹೇಳುವುದು ಆಮೆ ಕಾಯುವುದಕ್ಕಿಂತ ಕಷ್ಟ. ಅದಕ್ಕೆ ತೋರಿಸಲು ಮರಿಯಿಲ್ಲ, ಫೋಟೋ ಇಲ್ಲ.

ಅವರು ಹೇಳುತ್ತಿದ್ದ ಮಾತು ಸರಳ. ಮಳೆಗಾಲದ ಕೆಂಪು ನೀರು ಬರೀ ನೀರಲ್ಲ. ಕಾಡಿನ ತರಗೆಲೆಯ ಸಾರ, ಹೂಳು, ಲವಣ ಎಲ್ಲವನ್ನೂ ಅದು ಹೊತ್ತು ತರುತ್ತದೆ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಬೆರೆಯುವಲ್ಲಿ ಕಣ್ಣಿಗೆ ಕಾಣದ ಪಾಚಿ, ಅದನ್ನು ತಿನ್ನುವ ಸೂಕ್ಷ್ಮಜೀವಿ, ಅದನ್ನು ತಿನ್ನುವ ಮರಿಮೀನು ಬೆಳೆಯುತ್ತವೆ. ಬೂತಾಯಿ, ಬಂಗುಡೆಗಳ ಬದುಕೂ ಈ ಸೂಕ್ಷ್ಮ ಆಹಾರದ ಮೇಲೆಯೇ ನಿಂತಿದೆ. ಅಳಿವೆಯ ಕೆಸರಿನಲ್ಲಿ ಮರುವಾಯಿ ಹೆಕ್ಕುವವರ ಮಧ್ಯಾಹ್ನದ ಸಾರೂ ಅದರಿಂದಲೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ದಡದಲ್ಲಿ ಕಟ್ಟಿ ನಿಲ್ಲುತ್ತವೆ. ಮೀನು ಮರಿ ಮಾಡುವ ಕಾಲವೆಂದು ಸರ್ಕಾರವೇ ವಿಧಿಸಿದ ನಿಷೇಧ. ಮೀನಿನ ಬಾಣಂತನಕ್ಕೆ ಬಲೆ ಮಡಚಿಟ್ಟು, ಬಾಣಂತಿಯ ಊಟದ ದಾರಿಗೆ ಪಂಪು ಇಟ್ಟಂತಾಯಿತಲ್ಲ ಎಂಬುದು ಅವರ ದೂರಿನ ಸಾರಾಂಶ.

ನದಿ ತಡೆದರೆ ಏನಾಗುತ್ತದೆಂಬುದಕ್ಕೆ ಬೇಲೂರಿನ ಯಗಚಿ ಸೇರುವ ಕಾವೇರಿಯಲ್ಲೇ ಸಾಕ್ಷಿಯಿದೆ. ಹಿಲ್ಸಾ ಎಂಬ ಮೀನು ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿ ಹತ್ತುತ್ತದೆ. ಕಾವೇರಿಯ ಕೆಳಹರಿವಿನಲ್ಲಿ ಅದು ಹೇರಳವಾಗಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ಅದರ ದಾರಿ ಮುಚ್ಚಿತು, ಮೀನುಗಾರಿಕೆ ಕುಸಿಯಿತು. ನಾಲ್ಕು ಹಳ್ಳ ತಿರುಗಿಸುವುದೂ ನದಿಗೇ ಅಡ್ಡಗೋಡೆ ಕಟ್ಟುವುದೂ ಒಂದೇ ಅಲ್ಲ, ನಿಜ. ನೇತ್ರಾವತಿಯ ಒಟ್ಟು ಹರಿವಿನಲ್ಲಿ ಇದು ಸಣ್ಣ ಪಾಲು ಎಂಬ ಸರ್ಕಾರದ ವಾದವನ್ನು ತಳ್ಳಿಹಾಕಬೇಕಿಲ್ಲ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಆ ಹಳ್ಳಗಳಲ್ಲಿ ಸಿಗುವುದು 9.55 ಟಿಎಂಸಿ ಎಂದು ಬಂತು. ಇರುವುದು ಅಷ್ಟೇ ಆದರೆ, 24 ಎಂದು ಆಸೆ ತೋರಿಸಿಕೊಂಡ ಬಯಲುಸೀಮೆಯವರ ಗತಿಯೇನು? ಕಡಲಿಗೂ ಇಲ್ಲ, ಕೋಲಾರಕ್ಕೂ ಇಲ್ಲ.

ಈ ಜಗಳದಲ್ಲಿ ಒಂದು ಮಾತು ಎಲ್ಲ ವೇದಿಕೆಗಳಲ್ಲೂ ಕೇಳಿಬಂತು: ವ್ಯರ್ಥವಾಗಿ ಸಮುದ್ರದ ಪಾಲಾಗುವ ನೀರು. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಕನ್ನಡದಲ್ಲಿ ಯಾವುದಾದರೂ ಕಳೆದುಹೋದರೆ ಸಮುದ್ರದ ಪಾಲಾಯಿತು ಎನ್ನುತ್ತೇವೆ. ಪಾಲು ಎಂಬ ಪದ ಅದರಲ್ಲಿ ಕೂತಿರುವುದು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಅಣ್ಣತಮ್ಮಂದಿರು ಮನೆ ಒಡೆಯುವಾಗ ಪಾಲು ಎಂದರೆ ನ್ಯಾಯವಾಗಿ ಬರಬೇಕಾದದ್ದು. ಕಡಲಿನ ವಿಷಯಕ್ಕೆ ಬಂದಾಗ ಅದೇ ಪದ ನಷ್ಟವಾಗಿಬಿಡುತ್ತದೆ. ಕೋಡಿ ಬಿದ್ದ ನೀರು ಕೆಳಗಿನ ಕೆರೆಯದೆಂದು ಒಪ್ಪುತ್ತಿದ್ದ ಹಳೇಬೀಡಿನ ಹಳಬರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಅರ್ಥವಾಗದೆ ಇರುತ್ತಿರಲಿಲ್ಲ. ಕಡಲೂ ಸಾಲಿನ ಕೊನೆಯ ಕೆರೆ ತಾನೆ. ಅದರ ಅಚ್ಚುಕಟ್ಟಿನಲ್ಲಿ ಬತ್ತ ಬೆಳೆಯುವುದಿಲ್ಲ, ಮೀನು ಬೆಳೆಯುತ್ತದೆ ಅಷ್ಟೇ.

ಹಾಗೆಂದು ಕರಾವಳಿಯವರು ಪೂರ್ತಿ ಸಾಚಾ ಎಂದೂ ಅಲ್ಲ. ನೇತ್ರಾವತಿಯ ಮರಳನ್ನು ಬಗೆದವರು, ನಗರದ ಕೊಳೆನೀರನ್ನು ಅದಕ್ಕೆ ಬಿಟ್ಟವರು ಬಯಲುಸೀಮೆಯಿಂದ ಬಂದವರಲ್ಲ. ಹೋರಾಟದ ಸಂಘಟನೆಗಳು ಅದನ್ನೂ ಹೇಳಿದವು. ಆ ಮಾತಿಗೆ ಸೇರಿದ ಜನ ಕಡಿಮೆ.

ಇತ್ತ ಹಾಸನದಲ್ಲಿ, 2017ರ ಹೊತ್ತಿನ ಬರದ ದಿನಗಳಲ್ಲಿ, ಹಸಿರುಭೂಮಿ ಪ್ರತಿಷ್ಠಾನದ ಜನ ಹಾರೆ ಗುದ್ದಲಿ ಹಿಡಿದು ಹೂತುಹೋದ ಕಲ್ಯಾಣಿಗಳ ಮಣ್ಣು ತೆಗೆಯಲು ಹೊರಟರು. ಮಣ್ಣು ತೆಗೆದ ಕಲ್ಯಾಣಿಯಲ್ಲಿ ಊರಿನ ಮಳೆ ಊರಿನಲ್ಲೇ ನಿಲ್ಲುತ್ತದೆ. ಅಷ್ಟರಮಟ್ಟಿಗೆ ಬೇರೆಯವರ ಹಳ್ಳಕ್ಕೆ ಕೈ ಚಾಚಬೇಕಿಲ್ಲ. ಆಮೆಮೊಟ್ಟೆ ಕಾಯುವವರಿಗೂ ಇವರಿಗೂ ಪರಿಚಯವಿರಲಿಕ್ಕಿಲ್ಲ. ಆದರೆ ಇವರು ಎತ್ತಿದ ಒಂದು ಬುಟ್ಟಿ ಹೂಳು ಅವರ ಕೆಲಸಕ್ಕೂ ಸಲ್ಲುತ್ತದೆ.

2024ರಲ್ಲಿ ತಿರುಗಿಸಿದ ನೀರು ನಾಲೆ ಪೂರ್ತಿಯಾಗದ್ದರಿಂದ ಕೋಲಾರದ ಕಡೆ ಹೋಗಲಿಲ್ಲ. ಅದನ್ನು ಬೇಲೂರು ತಾಲ್ಲೂಕಿನಲ್ಲಿ ಹೊರಕ್ಕೆ ಬಿಟ್ಟು, ವೇದಾ ಹಳ್ಳದ ದಾರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರಕ್ಕೆ ಹರಿಸಲಾಯಿತು. ಆ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಅಲ್ಲಿ ಕೋಡಿ ಬಿದ್ದ ನೀರು ವೇದಾವತಿ, ತುಂಗಭದ್ರೆ, ಕೃಷ್ಣೆಯರ ಹಾದಿ ಹಿಡಿಯುತ್ತದೆ. ಕೃಷ್ಣೆ ಸೇರುವುದು ಬಂಗಾಳಕೊಲ್ಲಿಗೆ.